ಮುದ್ದೆಮಾಲು

ಮಾದಿಹಳ್ಳಿ
14-8-1941

ಪ್ರೀತಿಯ ಕಾಂತಕ್ಕನಿಗೆ ವಿಶಾಲಿ ಮಾಡುವ ಶರಣು ಶರಣಾರ್ಥಿ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಕೇಸು ಮುಗಿದ ಮೇಲೆ ಒಂದೇ ಸಲ ಬರೆಯೋಣ ಅಂತ ಕಾದೆ. ಹಾಗೆ ಕಾದರೆ ಈ ಜನ್ಮದಲ್ಲಿ ನಿನಗೆ ನನ್ನ ಕಾಗದ ಬರುವುದಿಲ್ಲ ಅಂತ ಈಗ ಗೊತ್ತಾಯಿತು.

ನಿನ್ನೆ ಮತ್ತೆ ವಾಯಿದೆ ಹಾಕಿದರು. ಹೋದ ಸಲ ಮ್ಯಾಜಿಸ್ಟ್ರೇಟರಿಗೆ ವರ್ಗ, ಅದರ ಹಿಂದಿನ ಸಲ ದಫೇದಾರ ಸಾಕ್ಷಿಗೆ ಬರಲಿಲ್ಲ. ಈ ಸಲ ದೇವೀರಪ್ಪ ಸಾಹುಕಾರರಿಗೆ ನೆಂಟರ ಮದುವೆಯಂತೆ. ಲಿಂಗ ಇಡುವ ತನ್ನ ಬೆಳ್ಳಿ ಕರಡಿಗೆ ಕಳುವಾಯಿತು, ನಮ್ಮವರ ಕೊರಳಲ್ಲಿರುವುದೇ ಅದು ಅಂತ ದೂರು ಕೊಟ್ಟು ಬಾಯಿ ಬಡಿದುಕೊಂಡ ಮನುಷ್ಯನಿಗೆ ಈಗ ಅದು ನೆನಪೇ ಇಲ್ಲ!

ಹೋದ ವರ್ಷ ಪೊಲೀಸರು ಮನೆಗೆ ಬಂದು ಅದನ್ನು ಕಿತ್ತುಕೊಂಡಾಗ ಒಳಗೆ ಇವರ ಲಿಂಗವೂ ಇತ್ತಲ್ಲ. "ಬೆಳ್ಳಿ ಇಟ್ಕೊಳ್ಳಿ ಸ್ವಾಮಿ, ಲಿಂಗ ಕೊಟ್ಬಿಡಿ" ಅಂತ ಇವರು ಕೈಮುಗಿದರು. "ಸಿಕ್ಕಿದಂಗೇ ಅರಗಿನ ಮುದ್ರೆ ಹಾಕ್ಬೇಕು ಕಣಯ್ಯ, ಮುದ್ದೆಮಾಲು ಇದು" ಅಂದ ದಫೇದಾರ. ಕೇಸಿನ ವಸ್ತುವಿಗೆ ಹಾಗನ್ನುತ್ತಾರಂತೆ. ನಾನು ದಡ್ಡಿ, ಉಣ್ಣುವ ಮುದ್ದೆ ಕೇಳುತ್ತಿದ್ದಾನೆ ಅಂದುಕೊಂಡು "ಸಾರು ಕುದೀತಾ ಐತೆ, ಕೂತ್ಕೊಳಿ" ಅಂದೆ. ಆ ಹೊತ್ತಿನಲ್ಲೂ ಇವರು ನಕ್ಕರು.

ಅವತ್ತಿನಿಂದ ಇವರು ಮುದ್ದೆ ಮುಟ್ಟಿಲ್ಲ. ಲಿಂಗಪೂಜೆಯಿಲ್ಲದೆ ಊಟ ಹೇಗೆ ಮಾಡಲಿ ಅನ್ನುತ್ತಾರೆ. ಹಾಲು, ಬಾಳೆಹಣ್ಣು, ಎಳನೀರು, ಅಷ್ಟೇ. ಮಠದ ಅಯ್ಯನವರು ಬೇರೆ ಲಿಂಗ ಕಟ್ಟುತ್ತೇನೆಂದು ಬಂದರೆ, "ಕಳ್ದಿದ್ರೆ ಕಟ್ಟಿಸ್ಕೋತಿದ್ದೆ ಬುದ್ಧಿ. ಕಳ್ದಿಲ್ವಲ್ಲ, ಕೋರ್ಟ್ನಲ್ಲಿ ಐತೆ. ನಾನು ಸತ್ರೂ ಅಂಗೈಗೆ ಅದನ್ನೇ ಇಡಿ, ಬೇರೇದು ಬ್ಯಾಡ" ಅಂದರು. ಇಂಥ ಹಟಮಾರಿಗೆ ಏನು ಹೇಳುತ್ತೀ? ಕೈ ನೋಡಿದರೆ ಮೂಳೆ ಎಣಿಸಬಹುದು. ನನಗೆ ಹೆದರಿಕೆಯಾಗುತ್ತದೆ ಅಕ್ಕ.

ವಕೀಲರನ್ನು ನಾನೇ ಕೇಳಿದೆ: "ಕಳ್ಳ ಅಂತಲಾದ್ರೂ ಅಂದ್ಬಿಡ್ಲಿ, ಅಲ್ಲ ಅಂತಲಾದ್ರೂ ಅನ್ಲಿ. ಎರಡೂ ಅನ್ನದೆ ಹಿಂಗೆ ಇಟ್ಕೊಳ್ಳೋಕೆ ಅವ್ರಿಗೇನು ಹಕ್ಕೈತೆ?"

"ಬೇಗ ವಿಚಾರಣೆ ಮಾಡಿ ಅಂತ ಕೇಳೋ ಹಕ್ಕು ನಿಮಗಿದೆಯಮ್ಮ, ಅರ್ಜಿ ಹಾಕಿದೀನಿ" ಅಂದರು. ಆ ಅರ್ಜಿಯನ್ನೂ ಮುಂದಿನ ವಾಯಿದೆಗೆ ಇಟ್ಟಿದ್ದಾರೆ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ
ವಿಶಾಲಿ


ಮಾದಿಹಳ್ಳಿ
2-3-1944

ಕಾಂತಕ್ಕ, ಶರಣು.

ಇವರ ಮಣ್ಣು ಮುಗಿಸಿ ನೀನು ಅರಸೀಕೆರೆಗೆ ಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲ. ಕೈ ಏಳಲಿಲ್ಲ, ಬೇರೇನೂ ಇಲ್ಲ.

ಮೊನ್ನೆ ವಾಯಿದೆಯಿತ್ತು. ಸತ್ತವರಿಗೂ ವಾಯಿದೆ ತಪ್ಪುವುದಿಲ್ಲ ನೋಡು. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ, ಇದ್ದಲಿನ ಬಸ್ಸು ದಾರಿಯಲ್ಲಿ ನಿಂತು, ಎಲ್ಲರೂ ಇಳಿದು ತಳ್ಳಿ, ನಾನು ಹೋಗುವಷ್ಟರಲ್ಲಿ ಜವಾನ ಬಾಗಿಲಲ್ಲಿ ನಿಂತು "ಗಂಗಾಧರಯ್ಯಾ! ಗಂಗಾಧರಯ್ಯಾ!" ಅಂತ ಕೂಗುತ್ತಿದ್ದ. ಗಂಡನ ಹೆಸರು ಹೇಳಿದವಳಲ್ಲ ನಾನು. "ಅವ್ರು ಇಲ್ಲ" ಅಂದೆ. "ಯಾವಾಗ ಬತ್ತಾರೆ?" ಅಂದ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಕೇಸು ಮುಗಿಯಿತು. ಆರೋಪಿ ತೀರಿಕೊಂಡಿದ್ದರಿಂದ ಮುಕ್ತಾಯ ಅಂತ ಓದಿದರು. ಕಳ್ಳ ಅನ್ನಲಿಲ್ಲ, ಕಳ್ಳನಲ್ಲ ಅಂತಲೂ ಅನ್ನಲಿಲ್ಲ. ಸಾಹುಕಾರರು ಬರಲೇ ಇಲ್ಲ. ಕೇಳುವವರು ಯಾರೂ ಇಲ್ಲವೆಂದು ಕರಡಿಗೆಯನ್ನು ನನಗೇ ಕೊಟ್ಟು ಕಳಿಸಿದರು.

ಮಕ್ಕಳಿಗೆ ಈ ಚಿಕ್ಕಮ್ಮನ ಆಶೀರ್ವಾದ. ಅವರೆಲ್ಲ ನೂರು ವರ್ಷ ಬಾಳಲಿ, ಕೋರ್ಟಿನ ಮೆಟ್ಟಿಲು ಮಾತ್ರ ಹತ್ತದಿರಲಿ.

ನಿನ್ನ
ವಿಶಾಲಿ

ತಾ.ಕ.: ಅಂಗೈ ಖಾಲಿ ಬಿಟ್ಟು ಮಣ್ಣು ಮಾಡಿಸಿದೆನೆಂದು ಅವತ್ತು ನೀನೂ ನನ್ನನ್ನು ಬೈದೆ. ಬೇರೆಯದು ಬೇಡ ಅಂದಿದ್ದರಲ್ಲ ಅಕ್ಕ, ನಾನೇನು ಮಾಡಲಿ. ಮೊನ್ನೆ ಅರಗು ಒಡೆದು ತೆಗೆದರೆ ಲಿಂಗ ಒಳಗೇ ಇತ್ತು. ಮುಚ್ಚಿದ ಸಮಾಧಿ ಮತ್ತೆ ತೆಗೆಯಬಾರದು ಅಂದರು ಅಯ್ಯನವರು. ಇವತ್ತು ನನ್ನ ಲಿಂಗದ ಜೊತೆ ಅದಕ್ಕೂ ಪೂಜೆ ಮಾಡಿ, ಅವರ ತಟ್ಟೆಗೆ ಬಿಸಿ ಮುದ್ದೆ ಇಟ್ಟು ಸಾರು ಬಿಟ್ಟೆ. ಇನ್ನು ಉಣ್ಣಬಹುದಲ್ಲ. ಎದುರಿಗೆ ಕೂತು ನೋಡುತ್ತಿದ್ದೆ. ಮುದ್ದೆ ಆರಿಹೋಯಿತು.