ಹನ್ನೆರಡು ಟ್ಯೂಬ್‌ಲೈಟ್

ಜುಲೈ ೯, ಬುಧವಾರ

ಅಂಗಡಿಯಲ್ಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಮಧ್ಯಾಹ್ನ ಒನೆಹುಂಗಾ ಬಡಾವಣೆಯ ನಮ್ಮ ಲೈಟಿನ ಅಂಗಡಿಗೆ ಬಂದವನೊಬ್ಬ, ಮನೆಯೊಳಗೆ ಟೊಮೇಟೊ ಬೆಳೆಸಲು ಹನ್ನೆರಡು ಟ್ಯೂಬ್‌ಲೈಟ್ ಬೇಕೆಂದ. ಎಲೆಗೆ ಬಿಳಿ ಬೆಳಕು, ಹೂವಿಗೆ ಹಳದಿ ಎಂದು ನಾನೇ ಆರಿಸಿಕೊಟ್ಟೆ. ವಾಸನೆ ಹೊರಗೆ ಹೋಗದಂಥ ಫ್ಯಾನ್ ಕೇಳಿದಾಗ ಗಾಂಜಾ ಎಂದು ಹೊಳೆಯಿತು. ಆದರೂ ಬಿಲ್ ಹಾಕಿದೆ. ಡೆಲಿವರಿಗೆ ಅವನು ಹೇಳಿದ ವಿಳಾಸ ಪಾಪಟೋಟೊಯಿ ಬಡಾವಣೆಯಲ್ಲಿ ನಾವು ಏಜೆಂಟ್ ಮೂಲಕ ಬಾಡಿಗೆಗೆ ಕೊಟ್ಟ ಮನೆಯದೇ!

ತಲೆಯೆತ್ತಿ ಅವನನ್ನು ನೋಡಿದೆ. ಅವನು ನನ್ನ ಬ್ಯಾಡ್ಜ್ ಓದಿದ. “ಅನುರಾಧಾ. ಬಾಡಿಗೆ ಅಗ್ರಿಮೆಂಟಲ್ಲೂ ಇದೇ ಹೆಸರಿದೆ,” ಎಂದು ನಕ್ಕ.

ರಾತ್ರಿ ನಮ್ಮವರಿಗೆ ಎಲ್ಲ ಹೇಳಿದೆ.

“ಪೊಲೀಸ್‌ಗೆ ಹೇಳೋಣ ಕಣೆ,” ಎಂದು ಫೋನ್ ಎತ್ತಿಕೊಂಡರು.

“ಆ ಅಗ್ರಿಮೆಂಟಲ್ಲಿ ನಾವಿರೋ ಈ ಮನೆ ಅಡ್ರೆಸ್ಸೂ ಇದೆ ರೀ.”

ಫೋನ್ ಕೆಳಗಿಟ್ಟರು. ಎದ್ದುಹೋಗಿ ಮುಂಬಾಗಿಲ ಚಿಲಕ ಹಾಕಿ ಬಂದರು.