ಸಣ್ಣ ಜೋಡಿಯನ್ನು ಕಳಿಸಬೇಡಿ

ರೀ,

ನಾನು ಡ್ಯೂಟಿಗೆ ಹೊರಟೆ. ಕೇಳಿ ನೋಡಿ ಅಂತ ಎರಡು ಜೋಡಿ ದುಬಾರಿ ಸ್ಪೀಕರ್ ಕೊಟ್ಟಿದ್ದ ಅಂಗಡಿಯವರು ಸಂಜೆ ಬರುತ್ತಾರೆ, ಒಂದನ್ನು ವಾಪಸ್ ಒಯ್ಯಲು. ಬೀರುವಿನಷ್ಟು ಎತ್ತರದ ಆ ಕಂಬಗಳನ್ನೇ ಕೊಟ್ಟು ಕಳಿಸಿ. ಮಾವನವರ ಕಾಲದ ಆಂಪ್ಲಿಫೈಯರ್‌ಗೆ ಅವನ್ನು ನುಡಿಸುವ ತ್ರಾಣವಿಲ್ಲ. ಪಾಪ, ನಿನ್ನೆ ಅದರ ಮೈಯೆಲ್ಲ ಸುಡುತ್ತಿತ್ತು.

ಸಣ್ಣ ಜೋಡಿಯನ್ನು ಮಾತ್ರ ಮುಟ್ಟಗೊಡಬೇಡಿ! "ಇದ್ರಲ್ಲಿ ದಮ್ಮೇ ಇಲ್ಲ ಕಣೇ" ಅಂತ ವಾರವಿಡೀ ಮೂಗು ಮುರಿದಿರಲ್ಲ ಮಹಾನುಭಾವರೇ, ಎಡಗಡೆಯದಕ್ಕೆ ಕೆಂಪು ತಂತಿಯ ಜಾಗದಲ್ಲಿ ಕಪ್ಪು ತಂತಿ ಸಿಕ್ಕಿಸಿದವರು ಯಾರು? ಬೆಳಿಗ್ಗೆ ಕಸ ಗುಡಿಸುವಾಗ ಕಣ್ಣಿಗೆ ಬಿತ್ತು. ಸರಿಮಾಡಿ, ಮಾವ ಮನೆಯಲ್ಲೇ ಹಾಡಿದ್ದ ಟೇಪ್ ಹಾಕಿದೆ. ಅಯ್ಯೋ ದೇವರೇ! ಪೊರಕೆ ಹಿಡಿದೇ ಕುಣಿದುಬಿಟ್ಟೆ. ಎದುರುಮನೆ ದರ್ಜಿ ಕಿಟಕಿಯಿಂದ ನೋಡಿದ. ನೋಡಲಿ ಬಿಡಿ.

ಹಾಲು ಕಾಯಿಸಿಟ್ಟಿದ್ದೇನೆ. ಸೋಫಾ ಹಿಂದಕ್ಕೆ ಸರಿಸಿದ್ದೇನೆ, ಎಡವಿ ಬೀಳಬೇಡಿ.

ಬಂದ ತಕ್ಷಣ ಅದೇ ಟೇಪ್ ಕೇಳಿ. ಹಾಡಿನ ಕೊನೆಯಲ್ಲೊಂದು ಗೊರಗೊರ ಇತ್ತಲ್ಲ, ಅದು ಗೊರಗೊರ ಅಲ್ಲ ರೀ. ಅತ್ತೆ ಕರೆಯುತ್ತಿದ್ದಾರೆ: "ಸಾಕು ಬನ್ರೀ, ಊಟ ಆರಿಹೋಗ್ತಿದೆ!"

ಅವರಿಲ್ಲ ಎಂಬುದನ್ನೂ ಮರೆತು, "ಬಂದೆ ಅತ್ತೆ" ಅಂತ ನಾನು ಅಡುಗೆಮನೆಯವರೆಗೂ ಓಡಿದ್ದೆ.