ಬಯೋಟೆಕ್ನಾಲಜಿಗಾಗಿ ಬಿಚ್ಚಿದ ಬೋರಮಾಳ

ಪದವಿ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಕ್ಷಮಿಸಿ. ನಿಮ್ಮೆದುರು ನಿಂತರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಈ ವರ್ಷದ ಪ್ರವೇಶದ ಕರಪತ್ರದಿಂದ ನನ್ನ ತಂಗಿ ಹಿನಾಕೌಸರಳ ಫೋಟೋ ತೆಗೆಯಿರಿ. ಬಿಳಿ ಕೋಟು ತೊಟ್ಟು, ಬಣ್ಣದ ನೀರಿನ ಗಾಜಿನ ನಳಿಕೆ ಹಿಡಿದು ಅವಳು ಅದರಲ್ಲಿ ನಗುತ್ತಿದ್ದಾಳೆ. ಕೆಳಗೆ ‘ಬಯೋಟೆಕ್ನಾಲಜಿ ಓದಿ, ಭವಿಷ್ಯ ಕಟ್ಟಿಕೊಳ್ಳಿ’ ಎಂದು ಅಚ್ಚಾಗಿದೆ. ಆ ಭವಿಷ್ಯ ಮೂರು ತಿಂಗಳಿಂದ ಕೆಲಸವಿಲ್ಲದೆ, ನೆರೆಯವರ ಕಣ್ಣಿಗೆ ಬೀಳದಂತೆ ನಮ್ಮ ಮನೆಯಲ್ಲಿ ಕುಳಿತಿದೆ. ಅಚ್ಚು ಹಾಕಿಸುವ ಮೊದಲು ಅವಳನ್ನು ಒಂದು ಮಾತು ಕೇಳಿದಿರಾ?

ನಮ್ಮದು ಪಟವೇಗಾರರ ಮನೆ. ಬಂಗಾರದ ಗುಂಡುಗಳನ್ನು ದಾರಕ್ಕೆ ಪೋಣಿಸಿ ಸರ ಕಟ್ಟುವುದು ನಮ್ಮ ಕೆಲಸ. ಅಬ್ಬಾ ಹಜರತಸಾಬರು ಯರಗಟ್ಟಿ ಸಂತೆಯಲ್ಲಿ ಕೂರುತ್ತಾರೆ, ನಾನು ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ. ಕಟ್ಟುವವರೇ ಬಿಚ್ಚುವವರು. ಸರ ಒತ್ತೆ ಇಡುವವರು ಮೊದಲು ನಮ್ಮಲ್ಲಿಗೆ ಬರುತ್ತಾರೆ. ದಾರ, ಗೊಂಡೆ ತೆಗೆಯದೆ ಅಂಗಡಿಯವರು ಅದನ್ನು ತಕ್ಕಡಿಗೆ ಹಾಕುವುದಿಲ್ಲ. ಮದುವೆಯ ದಿನಗಳಲ್ಲಿ ಕಟ್ಟುತ್ತೇನೆ, ಜೂನ್ ಬಂತೆಂದರೆ ಬಿಚ್ಚುತ್ತೇನೆ. ಯಾವ ಮನೆಯ ಮಕ್ಕಳು ಯಾವ ಕಾಲೇಜಿಗೆ ಹೊರಟರೆಂಬುದು ನಿಮ್ಮ ಕಚೇರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನಾಲ್ಕು ವರ್ಷದ ಹಿಂದೆ ಹಿನಾಳ ಶುಲ್ಕಕ್ಕೆಂದು ನನ್ನ ತಾಯಿ ಅಜೀಜಾಬಿಯ ಸರವನ್ನೂ ಹೀಗೆಯೇ ಬಿಚ್ಚಿದೆ.

ಪ್ರವೇಶಕ್ಕೆ ಬಂದ ದಿನ ನೀವು ಅಬ್ಬಾನಿಗೆ ಕುರ್ಚಿ ಕೊಟ್ಟು ಕೂರಿಸಿದಿರಿ. ನೀವು ಹೇಳಿದ್ದನ್ನು ಅವರು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು: “ಸಾಬ್ರ, ಇನ್ನ ಬರೂದೆಲ್ಲಾ ಬಯೋಟೆಕ್ ಕಾಲರೀ. ಕೋರ್ಸ್ ಮುಗಿಯೂದರಾಗ ಕಂಪನಿಯವ್ರು ನಿಮ್ಮ ಮನಿ ಹುಡಿಕ್ಕೊಂಡ ಬರ್ತಾರ.” ಬಂದರು ಸ್ವಾಮಿ. ಕಂಪನಿಯವರಲ್ಲ, ಮುಂದಿನ ವರ್ಷದ ಮಕ್ಕಳನ್ನು ಹುಡುಕಿಕೊಂಡು ನಿಮ್ಮ ಕಾಲೇಜಿನ ಜೀಪು ಬಂತು.

ಕಾಲೇಜಿನ ಶುಲ್ಕ, ಪ್ರಯೋಗಾಲಯದ ಶುಲ್ಕ, ಪುಸ್ತಕ, ಬಸ್ಸು ಎಲ್ಲ ಸೇರಿ ಮೂರು ವರ್ಷಕ್ಕೆ ಎಪ್ಪತ್ತು ಸಾವಿರ ಹೋಯಿತು. ಪ್ರಯೋಗಾಲಯದ ಒಳ್ಳೆಯ ಸೂಕ್ಷ್ಮದರ್ಶಕದ ಮೇಲಿನ ಬಟ್ಟೆ ಸರಿಯುತ್ತಿದ್ದದ್ದು ತಪಾಸಣೆಯವರು ಬಂದಾಗ ಮಾತ್ರವಂತೆ. ಆದರೂ ಹಿನಾ ಪ್ರಥಮ ದರ್ಜೆಯಲ್ಲಿ ಪಾಸಾದಳು. ಸಕ್ಕರೆ ಕಾರ್ಖಾನೆಗೆ ಹೋದಳು. ಅವರಿಗೆ ರಸಾಯನಶಾಸ್ತ್ರ ಓದಿದವರು ಬೇಕಿತ್ತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೇರೆ ಡಿಪ್ಲೊಮಾ ಕೇಳಿದರು. ಶಿಕ್ಷಕಿಯಾದರೂ ಆಗೋಣವೆಂದು ಬಿ.ಇಡಿ.ಗೆ ಹೋದರೆ, ನಿನ್ನ ಮೂರು ವಿಷಯಗಳಲ್ಲಿ ಶಾಲೆಯಲ್ಲಿ ಕಲಿಸುವಂಥದ್ದು ಒಂದೂ ಇಲ್ಲವೆಂದು ಕಿಟಕಿಯಿಂದಲೇ ಕಳಿಸಿದರು. ಆ ಮೂರು ವಿಷಯಗಳನ್ನು ಜೋಡಿಸಿದವರು ಯಾರು? ಅಷ್ಟೆಲ್ಲ ಮಾತಾಡಿದ ನಿಮಗೆ ಇದೊಂದು ಮಾತಿಗೆ ನಾಲಿಗೆ ಏಳಲಿಲ್ಲವೇ?

ಕಡೆಗೆ ಧಾರವಾಡದಲ್ಲಿ ಬಾಟಲಿಯೊಳಗೆ ಬಾಳೆಯ ಸಸಿ ಬೆಳೆಸುವ ಕಡೆ ಕೆಲಸ ಸಿಕ್ಕಿತು. ಬಾಟಲಿ ತೊಳೆಯುವುದು, ಚೀಟಿ ಅಂಟಿಸುವುದು. ಪಗಾರ ತಿಂಗಳಿಗೆ ಸಾವಿರದ ಐನೂರು. ಕೋಣೆಯ ಬಾಡಿಗೆ, ಊಟ ಕಳೆದರೆ ಊರಿಗೆ ಬರುವ ಬಸ್ಸಿನ ದುಡ್ಡನ್ನು ಅಬ್ಬಾನೇ ಕಳಿಸಬೇಕಾಗಿತ್ತು. ಹಂಗಾಮು ಮುಗಿದಾಗ ಅದೂ ಹೋಯಿತು. ಓದುವುದು ಹಣಕ್ಕಲ್ಲ, ಜ್ಞಾನಕ್ಕೆ ಎಂದು ನೀವು ಹೇಳಬಹುದು. ಒಪ್ಪಿದೆ. ಶುಲ್ಕ ಕಟ್ಟುವ ದಿನ ನಾವೂ ಹಣ ಬಿಟ್ಟು ಜ್ಞಾನವನ್ನೇ ತಂದಿದ್ದರೆ ರಸೀದಿ ಹರಿಯುತ್ತಿದ್ದಿರಾ?

ಇಷ್ಟನ್ನು ನುಂಗಿಕೊಂಡು ಸುಮ್ಮನಿರುತ್ತಿದ್ದೆವೇನೋ. ಆದರೆ ಸೋಮವಾರ ಪಕ್ಕದ ಮನೆಯ ಸೋಮವ್ವ ಬಂದರು. ಒಂದು ಕೈಯಲ್ಲಿ ಬಂಗಾರದ ಗುಂಡಿನ ಬೋರಮಾಳ ಸರ, ಇನ್ನೊಂದರಲ್ಲಿ ನಿಮ್ಮ ಕರಪತ್ರ. ಅವರ ಮಗಳು ಸಪ್ನಾ ಈ ಸಲ ಪಿಯುಸಿ ಪಾಸಾಗಿದ್ದಾಳೆ.

“ಅಜೀಜಾಬಿ, ನಿಮ್ಮ ಹಿನಾನ ಫೋಟೋ ಛಾಪಿಸ್ಯಾರ ನೋಡ್ರಿ. ನಮ್ಮ ಸಪ್ನಾನೂ ಅದಕ್ಕ ಹಚ್ಚತೇನಿ. ಹಿನಾಗ ಈಗ ಪಗಾರ ಎಷ್ಟ ಐತ್ರಿ?”

ನನ್ನ ತಾಯಿ ಸೆರಗು ಸರಿಮಾಡಿಕೊಂಡರು. ಹಿನಾಳಿಗೆ ಗಂಡು ನೋಡುತ್ತಿದ್ದೇವೆ. ಫೋಟೋ ಊರೆಲ್ಲ ಹಂಚಿದ ಮೇಲೆ, ಡಿಗ್ರಿ ಮುಗಿಸಿದ ಮಗಳು ಮನೆಯಲ್ಲಿ ಕೂತಿದ್ದಾಳೆಂದು ಯಾವ ತಾಯಿ ಹೇಳಿಯಾಳು? “ಛಲೋ ಐತ್ರಿ” ಎಂದುಬಿಟ್ಟರು. ಆ ಸುಳ್ಳನ್ನು ಅವರ ಬಾಯಿಂದ ಹೊರಡಿಸಿದ್ದು ನೀವು. ಕತ್ತರಿ ಸಾಣೆಗೆ ಹೋಗಿದೆ, ಗುರುವಾರ ಬನ್ನಿ ಎಂದು ನಾನು ನೆಪ ಹೇಳಿ ಸರ ಮುಟ್ಟದೆ ಕಳಿಸಿದೆ. ಶುಲ್ಕ ಕಟ್ಟಲು ಶನಿವಾರ ಕಡೆಯ ದಿನ. ಸೋಮವ್ವನಿಗೆ ಇರುವುದು ಅದೊಂದೇ ಸರ.

ಆದ್ದರಿಂದ ಶನಿವಾರದೊಳಗೆ ಆ ಕರಪತ್ರ ಹಂಚುವುದನ್ನು ನಿಲ್ಲಿಸಿ. ಇಲ್ಲಿಯವರೆಗೆ ಬಯೋಟೆಕ್ನಾಲಜಿ ಮುಗಿಸಿದವರು ಈಗ ಎಲ್ಲಿದ್ದಾರೆ, ಏನು ದುಡಿಯುತ್ತಾರೆ ಎಂಬುದನ್ನು ಶುಲ್ಕದ ಹಲಗೆಯ ಮೇಲೇ ಬರೆಸಿ. ಈ ವಿಷಯಗಳನ್ನು ಓದಿದರೆ ಬಿ.ಇಡಿ. ಸಿಗುವುದಿಲ್ಲವೆಂದು ಅದರ ಕೆಳಗೇ ದಪ್ಪ ಅಕ್ಷರದಲ್ಲಿ ಬರೆಸಿ. ಅದನ್ನು ಓದಿದ ಮೇಲೂ ಯಾರಾದರೂ ಸರ ಬಿಚ್ಚಿಸಲು ಬಂದರೆ ಬಿಚ್ಚಿಕೊಡುತ್ತೇನೆ, ನಿಮ್ಮನ್ನು ಏನೂ ಅನ್ನುವುದಿಲ್ಲ.

ಇವತ್ತು ಗುರುವಾರ. ಮುಂಜಾನೆ ಸೋಮವ್ವ ಸಪ್ನಾಳನ್ನೂ ಕರೆದುಕೊಂಡು ಬಂದರು. ಕತ್ತರಿ ಇನ್ನೂ ಬಂದಿಲ್ಲವೆಂದು ನಾನು ಹೇಳುತ್ತಿರುವಾಗಲೇ ಹಿನಾ ಒಳಗಿನಿಂದ ಎದ್ದು ಬಂದಳು. ಅಮ್ಮಾ ಕಣ್ಣಲ್ಲೇ ಬೇಡವೆಂದರು. ನಾನು ಸೋಮವ್ವನ ಎದುರಿಗೆ ತಂಗಿಗೆ ಚಾಪೆ ಹಾಸಿ, “ಕಾಕು, ಪಗಾರ ಎಷ್ಟಂತ ಇಕೀನ್ನ ಕೇಳ್ರಿ” ಎಂದು ಹೇಳಿ, ಚಹಾಕ್ಕೆ ನೀರಿಟ್ಟೆ.

ಇಂತಿ,
ನಾಲ್ಕನೇ ತರಗತಿ ಓದಿ, ಪದವೀಧರೆ ತಂಗಿಗಿಂತ ಹೆಚ್ಚು ದುಡಿಯುತ್ತಿರುವುದಕ್ಕೆ ನಾಚಿಕೆಪಡುವ
ಗುಲಫಶಾ ಪಟವೇಗಾರ
ಬೈಲಹೊಂಗಲ, ಜೂನ್ ೨೦೦೭